ನಗಿಸುತ್ತಿದ್ದ ಕಾರ್ಟೂನ್ ಮಗನನ್ನು ಹೆದರಿಸಿದ್ದೇಕೆ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ, ಮೂರನೇ ತರಗತಿ. ನಾವು ದಾವಣಗೆರೆಯಲ್ಲಿದ್ದೇವೆ, ನಮ್ಮ ಯಜಮಾನರು ಮಸ್ಕತ್‌ನಲ್ಲಿ ಕಟ್ಟಡ ಕಾಮಗಾರಿಯ ಮೇಲ್ವಿಚಾರಕರಾಗಿದ್ದಾರೆ. ರಜೆಗೆ ಬಂದಿದ್ದ ನನ್ನ ಅಕ್ಕನ ಮಗ ಲ್ಯಾಪ್‌ಟಾಪಿನಲ್ಲಿ ‘ಡ್ರ್ಯಾಗನ್ ಬಾಲ್’ ಎಂಬ ಹಳೆಯ ಜಪಾನಿ ಕಾರ್ಟೂನ್ ಸರಣಿ ಹಾಕಿಕೊಟ್ಟ. ಬಾಲವಿರುವ ಗೋಕು ಎಂಬ ಹುಡುಗನ ಹೊಡೆದಾಟ, ಪೆದ್ದುತನ ನೋಡಿ ಮಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆದರೆ ಗುಲಾಬಿ ಬಣ್ಣದ ನಿಲುವಂಗಿ ತೊಟ್ಟ, ಉದ್ದ ಜಡೆಯ ತಾವೊ ಪೈ ಪೈ ಎಂಬ ಬಾಡಿಗೆ ಕೊಲೆಗಾರ ಬಂದ ದಿನದಿಂದ ಎಲ್ಲವೂ ಬದಲಾಯಿತು. ಅವನು ಒಬ್ಬ ಹುಡುಗನ ಕಣ್ಣೆದುರೇ ಅವನ ತಂದೆಯನ್ನು ಕೊಲ್ಲುತ್ತಾನೆ, ಗೋಕುವನ್ನೂ ಬೀಳಿಸುತ್ತಾನೆ. ಮಗ ಅಲ್ಲಿಗೇ ಲ್ಯಾಪ್‌ಟಾಪ್ ಮುಚ್ಚಿಟ್ಟ. ಈಗ ರಾತ್ರಿ ಬಚ್ಚಲಿಗೂ ಒಬ್ಬನೇ ಹೋಗುವುದಿಲ್ಲ, ನಸುಕಿನಲ್ಲಿ ಅಳುತ್ತಾ ಏಳುತ್ತಾನೆ, ಹೊತ್ತುಗೊತ್ತಿಲ್ಲದೆ ಅಪ್ಪನಿಗೆ ಫೋನ್ ಹಚ್ಚಿಸು ಎನ್ನುತ್ತಾನೆ. ಇದಾಗಿ ಹತ್ತು ದಿನವಾಯಿತು. ಬರೀ ಕಾರ್ಟೂನಿಗೆ ಗಂಡುಹುಡುಗ ಹೀಗೆ ಹೆದರಬಾರದು ಎನ್ನುತ್ತಾರೆ ಯಜಮಾನರು. ಮಗುವಿಗೆ ಗಾಳಿ ಸೋಕಿದೆ, ತಾಯಿತ ಕಟ್ಟಿಸಬೇಕು ಎನ್ನುತ್ತಾರೆ ಅತ್ತೆ. ಅಕ್ಕನ ಮಗ ಮಾತ್ರ ಮುಂದೆ ನೋಡಿದರೆ ಸರಿಹೋಗುತ್ತದೆ ಎನ್ನುತ್ತಾನೆ. ಮಗನ ಮನಸ್ಸಿಗೆ ಶಾಶ್ವತವಾಗಿ ಪೆಟ್ಟು ಬಿದ್ದಿದೆಯೇ? ಆ ಸರಣಿಯನ್ನು ಪೂರ್ತಿ ಅಳಿಸಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಈ ಭಯ ಮಗನ ಮನಸ್ಸಿನಲ್ಲಿ ನೆಲೆಯೂರಿಬಿಡುತ್ತದೆಯೇ ಎಂಬುದು ಒಂದು, ಆ ಸರಣಿಯನ್ನು ಈಗ ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ: ತೆರೆಯ ಮೇಲೆ ಕಂಡ ಒಂದು ದೃಶ್ಯದಿಂದ ಹುಟ್ಟಿದ ಭಯ, ಮನೆಯವರು ಅದನ್ನು ತಿರಸ್ಕರಿಸದೆ ನಿಭಾಯಿಸಿದರೆ, ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ತಣ್ಣಗಾಗುತ್ತದೆ. ಹತ್ತು ದಿನ ಎಂಬುದು ಗಾಬರಿಪಡುವಷ್ಟು ದೀರ್ಘವಲ್ಲ. ಎರಡನೆಯದಕ್ಕೆ ಉತ್ತರ ಹೇಳುವ ಮೊದಲು ಅವನು ಕಂಡದ್ದೇನು ಎಂಬುದನ್ನು ನೀವು ಸರಿಯಾಗಿ ತಿಳಿಯಬೇಕು, ಏಕೆಂದರೆ ನಿಮ್ಮ ಮಗ ಹೆದರಿದ್ದು ಕಥೆ ಅರ್ಥವಾಗದೆ ಅಲ್ಲ, ಚೆನ್ನಾಗಿ ಅರ್ಥವಾದುದರಿಂದ.

ಈ ಸರಣಿಯ ಮೂಲ ಅಕಿರಾ ತೊರಿಯಾಮಾ ಅವರ ಕಾಮಿಕ್ಸ್ ರೂಪದ ಚಿತ್ರಕಥೆ. ಅವರು ಅದಕ್ಕೆ ಮೊದಲು ‘ಡಾಕ್ಟರ್ ಸ್ಲಂಪ್’ ಎಂಬ ಅಪ್ಪಟ ಹಾಸ್ಯದ ಚಿತ್ರಕಥೆಯಿಂದ ಹೆಸರಾದವರು. 1984ರ ಕೊನೆಯಲ್ಲಿ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಆರಂಭವಾದ ‘ಡ್ರ್ಯಾಗನ್ ಬಾಲ್’ ಕೂಡ ಮೊದಲಿಗೆ ನಗೆಯ ಸಾಹಸಕಥೆಯೇ ಆಗಿತ್ತು. ಓದುಗರ ಉತ್ಸಾಹ ಕುಗ್ಗತೊಡಗಿದಾಗ ಸಂಪಾದಕ ಕಜುಹಿಕೊ ತೊರಿಶಿಮಾ ಅವರೊಂದಿಗೆ ಚರ್ಚಿಸಿ ತೊರಿಯಾಮಾ ಕಥೆಯ ದಿಕ್ಕನ್ನು ಬದಲಿಸಿದರು: ಗೋಕು ಇನ್ನಷ್ಟು ಬಲಶಾಲಿಯಾಗಲು ಹಂಬಲಿಸುವ ಹುಡುಗನಾದ, ಸಮರಕಲೆಯ ಪಂದ್ಯಾವಳಿಗಳು ಬಂದವು, ಎದುರಾಳಿಗಳು ಒಬ್ಬರಿಗಿಂತ ಒಬ್ಬರು ಭೀಕರರಾದರು. ತೋಯೆಯ್ ಅನಿಮೇಷನ್ ಸಂಸ್ಥೆ ಇದನ್ನು 1986ರಿಂದ 1989ರವರೆಗೆ 153 ಕಂತುಗಳ ಟಿವಿ ಸರಣಿಯಾಗಿ ಮಾಡಿತು. ಆರಂಭದ ಕಂತುಗಳನ್ನು ನೋಡಿ ಇದು ಚಿಕ್ಕ ಮಕ್ಕಳದ್ದು ಎಂದು ತೀರ್ಮಾನಿಸಿದ ಪಾಲಕರೆಲ್ಲ ಮೋಸಹೋಗುವುದು ಇಲ್ಲಿಯೇ. ರೇಖಾಚಿತ್ರದಲ್ಲಿ ಹೇಳಿದ ಮಾತ್ರಕ್ಕೆ ಕಥೆಯೊಂದು ಪುಟ್ಟ ಮಕ್ಕಳ ಕಥೆಯಾಗುವುದಿಲ್ಲ. ಜಪಾನಿನಲ್ಲಿ ಇದರ ಓದುಗರಲ್ಲಿ ಹೆಚ್ಚಿನವರು ನಿಮ್ಮ ಮಗನಿಗಿಂತ ದೊಡ್ಡ ಹುಡುಗರು. ಇದೇ ಹೆಸರಿನ ಮುಂದಿನ ಸರಣಿಯನ್ನು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ನೋಡಿ ಬೆಳೆದ ನಮ್ಮ ಕಡೆಯ ಯುವಕರು ಅದನ್ನು ಹದಿಹರೆಯದ ನೆನಪಾಗಿಯೇ ಹೇಳಿಕೊಳ್ಳುತ್ತಾರೆ.

ಈಗ ಆ ಕೊಲೆಗಾರನ ಪ್ರವೇಶವನ್ನೇ ಹತ್ತಿರದಿಂದ ನೋಡೋಣ. ಸರಣಿಯ ಆರಂಭದಲ್ಲೇ ಬುಲ್ಮಾ ಎಂಬ ಹುಡುಗಿ ಗೋಕುವಿನ ಮೇಲೆ ಗುಂಡು ಹಾರಿಸುತ್ತಾಳೆ. ಗುಂಡು ತಗುಲಿದರೂ ಅವನು ನೋವಾಯಿತೆಂದು ರೇಗುತ್ತಾನೆ, ಅಷ್ಟೇ. ಈ ಲೋಕದಲ್ಲಿ ಪೆಟ್ಟು ಬೀಳುತ್ತದೆ, ಬುಗುಟೆ ಏಳುತ್ತದೆ, ಆದರೆ ಗೋಕುವಿಗೆ ಏನೂ ಆಗುವುದಿಲ್ಲ ಎಂಬ ಕಟ್ಟಳೆಯನ್ನು ನೋಡುವ ಮಗು ಅಲ್ಲಿಯೇ ಕಲಿಯುತ್ತದೆ, ಮುಂದಿನ ಹತ್ತಾರು ಕಂತುಗಳು ಅದನ್ನೇ ಗಟ್ಟಿಗೊಳಿಸುತ್ತವೆ. ಪಂದ್ಯಾವಳಿಯ ಅಂತಿಮ ಸುತ್ತಿನಲ್ಲಿ ಗೋಕು ಜಾಕಿ ಚುನ್ ಎಂಬ ಮುದುಕನ ಎದುರು ಸೋಲುತ್ತಾನಾದರೂ ಅದು ಆಟದ ನಿಯಮದೊಳಗಿನ ಸೋಲು. ಆಮೇಲೆ ರೆಡ್ ರಿಬನ್ ಎಂಬ ಸೈನ್ಯ ತಾವೊ ಪೈ ಪೈಯನ್ನು ಬಾಡಿಗೆಗೆ ಕರೆಸುತ್ತದೆ. ಅವನು ತನ್ನ ಸಾಮರ್ಥ್ಯ ತೋರಿಸಲು, ಅದುವರೆಗೆ ಗೋಕುವನ್ನೂ ಕಣ್ಣೋಟದಿಂದಲೇ ಸೆಟೆದು ನಿಲ್ಲಿಸಿದ್ದ ಜನರಲ್ ಬ್ಲೂ ಎಂಬ ಸೇನಾಧಿಕಾರಿಯನ್ನು, ಕೈಯೆತ್ತದೆ ಬರೀ ನಾಲಿಗೆಯಿಂದ ತಿವಿದು ಕೊಲ್ಲುತ್ತಾನೆ. ನಂತರ ಕಲ್ಲಿನ ಕಂಬವೊಂದನ್ನು ಕಿತ್ತು ಆಕಾಶಕ್ಕೆ ಎಸೆದು, ತಾನೇ ಹಾರಿ ಅದರ ಮೇಲೆ ನಿಂತು ಸವಾರಿ ಹೊರಡುತ್ತಾನೆ. ಕಾರಿನ್ ಎಂಬ ಪವಿತ್ರ ಭೂಮಿಯಲ್ಲಿ ಇಳಿದು, ಅದನ್ನು ಕಾಯುತ್ತಿದ್ದ ಬೋರಾ ಎಂಬ ಆಜಾನುಬಾಹುವನ್ನು ಮೇಲಕ್ಕೆಸೆದು, ಆತನದೇ ಈಟಿಯನ್ನು ಆತನ ಎದೆಗೆ ನಾಟಿಸುತ್ತಾನೆ. ಬೋರಾನ ಮಗ ಉಪಾ ಅಲ್ಲಿಯೇ ನಿಂತು ನೋಡುತ್ತಿರುತ್ತಾನೆ. ರೊಚ್ಚಿಗೆದ್ದ ಗೋಕು ಪ್ರಯೋಗಿಸಿದ ಕಾಮೆಹಾಮೆಹಾ ಎಂಬ ಮಹಾಶಕ್ತಿಗೆ ಕೊಲೆಗಾರನ ಬಟ್ಟೆ ಹರಿಯುತ್ತದೆಯೇ ಹೊರತು ಅವನು ಬೀಳುವುದಿಲ್ಲ. ಅವನು ಒಂದೇ ಬೆರಳು ಚಾಚಿ ದೊದೊನ್‌ಪಾ ಎಂಬ ಕಿರಣ ಬಿಟ್ಟಾಗ ಗೋಕು ನೆಲಕ್ಕೆ ಬೀಳುತ್ತಾನೆ.

ಗಮನಿಸಿ, ನಾಲಿಗೆಯ ತಿವಿತವೂ ಕಂಬದ ಸವಾರಿಯೂ ನಗಿಸಲೆಂದೇ ಬರೆದ ಕಲ್ಪನೆಗಳು. ಹಾಸ್ಯ ನಿಂತು ಭಯ ಆರಂಭವಾಗಿದ್ದರೆ ನಿಮ್ಮ ಮಗ ಹೇಗೋ ಸಿದ್ಧನಾಗುತ್ತಿದ್ದ. ಇಲ್ಲಿ ಹಾಸ್ಯದ ವೇಷದಲ್ಲಿಯೇ ಕೊಲೆ ಬರುತ್ತದೆ. ಸಂಗೀತದ ಏರಿಳಿತ, ಪಾತ್ರಗಳ ಮುಖಭಾವ, ಇಲ್ಲಿ ನಗಬಹುದು ಎಂಬ ಸುಳಿವು, ಇವುಗಳನ್ನು ಹಿಡಿದುಕೊಂಡೇ ಮಕ್ಕಳು ತಾವು ಸುರಕ್ಷಿತವಾಗಿದ್ದೇವೆಯೇ ಎಂದು ಅಳೆಯುತ್ತಾರೆ. ಆ ಅಳತೆಗೋಲೇ ಕೈಕೊಟ್ಟಾಗ ಆಗುವ ಭಯ, ದೆವ್ವದ ಚಿತ್ರ ಎಂದು ಮೊದಲೇ ತಿಳಿದು ಕುಳಿತಾಗಿನ ಭಯಕ್ಕಿಂತ ಆಳವಾದದ್ದು. ನನ್ನ ಬಳಿಗೆ ಬರುವ ಮಕ್ಕಳಲ್ಲಿ ಭಯದ ಚಿತ್ರ ನೋಡಿ ನಿದ್ದೆಗೆಟ್ಟವರಷ್ಟೇ, ಇದು ತಮಾಷೆಯದ್ದು ಎಂದುಕೊಂಡು ನೋಡಿ ನಿದ್ದೆಗೆಟ್ಟವರೂ ಇರುತ್ತಾರೆ. ಆದುದರಿಂದ ‘ಬರೀ ಕಾರ್ಟೂನ್’ ಎಂಬ ನಿಮ್ಮ ಯಜಮಾನರ ಮಾತು ಮಗನಿಗೆ ಸಮಾಧಾನ ಕೊಡುವುದಿಲ್ಲ. ಅದು ಕಾರ್ಟೂನ್ ಎಂಬುದು ಎಂಟು ವರ್ಷದ ಹುಡುಗನಿಗೆ ಗೊತ್ತು. ಅವನು ಹೆದರಿದ್ದು ಚಿತ್ರಕ್ಕಲ್ಲ, ಅದರೊಳಗಿನ ವಿಚಾರಕ್ಕೆ.

ಇದಕ್ಕೆ ವಯಸ್ಸೂ ಕಾರಣ. ಮಕ್ಕಳು ಮಾಧ್ಯಮಗಳನ್ನು ನೋಡಿ ಹೆದರುವ ಬಗೆಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಮತ್ತು ಅವರ ಸಹವರ್ತಿಗಳು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಅವರು ಕಂಡುಕೊಂಡ ಮುಖ್ಯ ಸಂಗತಿ ಇದು: ಶಾಲೆ ಸೇರುವ ಮೊದಲಿನ ಮಕ್ಕಳನ್ನು ವಿಕಾರವಾದ ರೂಪ ಹೆದರಿಸುತ್ತದೆ, ದೊಡ್ಡ ಮಕ್ಕಳನ್ನು ನಿಜಜೀವನದಲ್ಲಿ ಸಂಭವಿಸಬಹುದಾದ ಕೇಡು ಹೆದರಿಸುತ್ತದೆ. ತಾವೊ ಪೈ ಪೈಗೆ ಕೋರೆಹಲ್ಲಿಲ್ಲ, ಕೊಂಬಿಲ್ಲ. ಸಣಕಲು ಮೈಯ, ತೆಳು ಮೀಸೆಯ ಸಾಮಾನ್ಯ ಮನುಷ್ಯ ಅವನು. ನಾಲ್ಕು ವರ್ಷದ ಮಗು ಅವನನ್ನು ನೋಡಿ ನಗುತ್ತಲೇ ಇರಬಹುದಿತ್ತು. ಸಾವು ಎಂದರೆ ಮರಳಿ ಬಾರದಿರುವುದು, ಅದು ಎಲ್ಲರಿಗೂ ಬರುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿ ಐದರಿಂದ ಏಳನೇ ವಯಸ್ಸಿನ ನಡುವೆ ಮೂಡಿ, ಎಂಟು ಒಂಬತ್ತರ ಹೊತ್ತಿಗೆ ಗಟ್ಟಿಯಾಗುತ್ತದೆ. ‘ಎಲ್ಲರಿಗೂ’ ಎಂಬುದರಲ್ಲಿ ತನ್ನ ಅಪ್ಪನೂ ಸೇರುತ್ತಾನೆ ಎಂಬ ಅರಿವು ನಿಮ್ಮ ಮಗನಲ್ಲಿ ಹೊಸದಾಗಿ ಮೂಡುತ್ತಿರುವ ಹೊತ್ತಿಗೆ, ಅಪ್ಪ ಕಣ್ಣಿಗೆ ಕಾಣದ ದೂರದಲ್ಲಿರುವಾಗ, ತೆರೆಯ ಮೇಲಿನ ಉಪಾ ತಂದೆಯನ್ನು ಕಳೆದುಕೊಂಡ. ಅವನು ಹೊತ್ತಲ್ಲದ ಹೊತ್ತಿನಲ್ಲಿ ಮಸ್ಕತ್‌ಗೆ ಫೋನ್ ಹಚ್ಚಿಸು ಎನ್ನುವುದು ಹಠವಲ್ಲ, ಅಪ್ಪ ಕ್ಷೇಮವಾಗಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳುವ ಪ್ರಯತ್ನ. ಗಂಡುಹುಡುಗ ಹೆದರಬಾರದು ಎಂಬ ಮಾತನ್ನು ದಯವಿಟ್ಟು ಇಂದಿನಿಂದಲೇ ನಿಲ್ಲಿಸಿ. ಅದರಿಂದ ಭಯ ಹೋಗುವುದಿಲ್ಲ, ಭಯವನ್ನು ಹೇಳಿಕೊಳ್ಳುವ ಬಾಯಿ ಮಾತ್ರ ಮುಚ್ಚುತ್ತದೆ.

ಅತ್ತೆಯವರ ಮಾತಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಜ್ಜಿ ಸಂಜೆ ತೊಡೆಯ ಮೇಲೆ ಕೂರಿಸಿಕೊಂಡು ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ತೆಗೆಯುವುದರಲ್ಲಿ ಮಗುವಿಗೆ ಸ್ಪರ್ಶವಿದೆ, ಗಮನವಿದೆ, ದಿನವೂ ಒಂದೇ ಹೊತ್ತಿಗೆ ನಡೆಯುವ ಒಂದು ಕ್ರಮವಿದೆ. ಅವನಿಗೆ ಹಿತವಾದರೆ ನಾನು ಬೇಡವೆನ್ನುವುದಿಲ್ಲ. ಆದರೆ ‘ಗಾಳಿ ಸೋಕಿದೆ’ ಎಂಬ ಮಾತು ಅವನ ಕಿವಿಗೆ ಬೀಳಬಾರದು. ತೆರೆಯೊಳಗಿದ್ದ ಕೇಡು ಹೊರಬಂದು ತನ್ನೊಳಗೇ ಸೇರಿಕೊಂಡಿದೆ ಎಂದು ಅವನು ನಂಬಿದರೆ, ಈಗಿರುವ ಭಯದ ಮೇಲೆ ಇನ್ನೊಂದು ಭಯ ಕೂರುತ್ತದೆ.

ಇನ್ನು ಸರಣಿಯನ್ನು ಏನು ಮಾಡುವುದು? ಅಳಿಸಿಹಾಕುವುದು ಸುಲಭ. ಆದರೆ ಅವನು ನಿಲ್ಲಿಸಿದ ಜಾಗವೇ ಅತ್ಯಂತ ಕೆಟ್ಟ ಜಾಗ: ಬೋರಾ ಸತ್ತಿದ್ದಾನೆ, ಗೋಕು ಬಿದ್ದಿದ್ದಾನೆ, ಕೊಲೆಗಾರ ಗೆದ್ದಿದ್ದಾನೆ. ಇಲ್ಲಿ ನಿಷೇಧ ಹೇರಿದರೆ ಅವನ ಮನಸ್ಸಿನಲ್ಲಿ ಕಥೆ ಅಲ್ಲಿಯೇ ನಿಂತಿರುತ್ತದೆ, ಮುಂದಿನದನ್ನು ಅವನ ಕಲ್ಪನೆ ರಾತ್ರಿಯ ಹೊತ್ತು ತಾನಾಗಿಯೇ ಬರೆಯುತ್ತದೆ. ಜೊತೆಗೆ, ಅಮ್ಮನೇ ಅಳಿಸಿಹಾಕುವಷ್ಟು ಅಪಾಯಕಾರಿಯಾದದ್ದನ್ನು ನಾನು ನೋಡಿಬಿಟ್ಟೆ ಎಂದೂ ಅವನು ತಿಳಿಯಬಹುದು. ಇದಕ್ಕೆ ವಿರುದ್ಧವಾಗಿ, ನಿಮ್ಮ ಅಕ್ಕನ ಮಗ ಹೇಳುವಂತೆ ಕೂರಿಸಿ ಮುಂದಿನ ಕಂತುಗಳನ್ನು ತೋರಿಸುವುದರಲ್ಲಿ ಅರ್ಧ ಸತ್ಯವಿದೆ. ಕಥೆಯ ಮುಂದಿನ ಭಾಗ ನಿಜಕ್ಕೂ ಗಾಯ ಮಾಯಿಸುತ್ತದೆ. ಆದರೆ ಒಪ್ಪದ ಮಗುವನ್ನು ಬಲವಂತವಾಗಿ ತೆರೆಯ ಮುಂದೆ ಕೂರಿಸಿದರೆ ಭಯ ಇಮ್ಮಡಿಸುವ ಸಂಭವವೇ ಹೆಚ್ಚು, ಮುಂದೆ ಅವನು ತನ್ನ ಹೆದರಿಕೆಯನ್ನು ನಿಮ್ಮಿಂದ ಮುಚ್ಚಿಡಲು ಕಲಿಯುತ್ತಾನೆ.

ನಾನು ಇಷ್ಟಪಡುವ ದಾರಿ ಇವೆರಡರ ನಡುವಿನದು. ಮೊದಲು ಕಥೆಯನ್ನು ಬಾಯಲ್ಲಿ ಪೂರ್ತಿ ಹೇಳಿ, ಆಮೇಲೆ ನೋಡುವುದೋ ಬಿಡುವುದೋ ಎಂಬ ನಿರ್ಧಾರವನ್ನು ಅವನಿಗೇ ಬಿಡಿ. ಹೇಳಲು ನಿಮಗೆ ಕಥೆ ಗೊತ್ತಿರಬೇಕಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಗೋಕು ಸತ್ತಿರುವುದಿಲ್ಲ. ಅವನ ಅಂಗಿಯೊಳಗಿದ್ದ, ಅಜ್ಜನ ನೆನಪಿನ ನಾಲ್ಕು ನಕ್ಷತ್ರದ ಡ್ರ್ಯಾಗನ್ ಬಾಲ್ ಆ ಕಿರಣವನ್ನು ತಡೆದಿರುತ್ತದೆ. ಡ್ರ್ಯಾಗನ್ ಬಾಲ್ ಎಂದರೆ ಏಳೂ ಒಟ್ಟು ಸೇರಿದಾಗ ಒಂದು ವರ ಕೊಡಿಸುವ ಮಾಯದ ಗೋಲಿಗಳು. ಅತ್ತ ಕೊಲೆಗಾರ ಹರಿದ ಬಟ್ಟೆಯಲ್ಲಿ ಓಡಾಡಲು ಮನಸ್ಸಿಲ್ಲದೆ ದರ್ಜಿಯ ಬಳಿ ಹೋಗುತ್ತಾನೆ, ಹೊಸ ಬಟ್ಟೆಗೆ ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಗೋಕು ಮುಗಿಲು ಮುಟ್ಟುವ ಕಾರಿನ್ ಗೋಪುರವನ್ನು ಕೈಯಿಂದಲೇ ಹತ್ತಿ, ತುದಿಯಲ್ಲಿರುವ ಬೆಕ್ಕಿನ ರೂಪದ ಗುರುವಿನಿಂದ ಪವಿತ್ರ ಜಲದ ಪಾತ್ರೆಯನ್ನು ಕಸಿದುಕೊಳ್ಳಲು ಹೆಣಗುತ್ತಾನೆ. ಅವನ ಗುರು ಮಾಸ್ಟರ್ ರೋಶಿಗೆ ಮೂರು ವರ್ಷ ಹಿಡಿದ ಈ ಕೆಲಸ ಗೋಕುವಿಗೆ ಮೂರು ದಿನದಲ್ಲಿ ಸಿದ್ಧಿಸುತ್ತದೆ. ಕುಡಿದ ಮೇಲೆ ತಿಳಿಯುತ್ತದೆ, ಅದು ಬರೀ ನೀರು. ಬಲ ಬಂದದ್ದು ಪಾತ್ರೆಗಾಗಿ ಪಟ್ಟ ಶ್ರಮದಿಂದ. ಕೆಳಗಿಳಿದು ಬಂದ ಗೋಕು ತಾವೊ ಪೈ ಪೈಯನ್ನು ಸೋಲಿಸುತ್ತಾನೆ. ಕ್ಷಮೆ ಬೇಡಿದಂತೆ ನಟಿಸಿ ಕೊಲೆಗಾರ ಎಸೆದ ಬಾಂಬನ್ನು ಗೋಕು ಒದ್ದಾಗ ಅದು ಅವನ ಮೇಲೆಯೇ ಸಿಡಿಯುತ್ತದೆ. ಕೊನೆಗೆ ಏಳು ಡ್ರ್ಯಾಗನ್ ಬಾಲ್‌ಗಳನ್ನು ಒಟ್ಟುಗೂಡಿಸಿದ ಗೋಕು ತನಗಾಗಿ ಏನನ್ನೂ ಕೇಳದೆ ಉಪಾನ ತಂದೆಯನ್ನು ಬದುಕಿಸುವಂತೆ ಕೇಳುತ್ತಾನೆ, ಬೋರಾ ಮಗನ ಬಳಿಗೆ ಮರಳುತ್ತಾನೆ.

ಇದನ್ನು ಹಗಲಿನಲ್ಲಿ, ಅವನು ಊಟ ಮಾಡುವಾಗಲೋ ಆಟವಾಡುವಾಗಲೋ ಹೇಳಿ, ಮಲಗುವ ಹೊತ್ತಿಗೆ ಬೇಡ. ದರ್ಜಿಯ ಅಂಗಡಿಯ ಭಾಗವನ್ನು ಸ್ವಲ್ಪ ಎಳೆದು ಹೇಳಿ, ಏಕೆಂದರೆ ಅಷ್ಟು ಭೀಕರನಾದವನು ಹೊಸ ಬಟ್ಟೆಗಾಗಿ ಮೂರು ದಿನ ಕಾಯುವುದರಿಂದಲೇ ಕೆಡುತ್ತಾನೆ ಎಂಬುದು ಮಕ್ಕಳಿಗೆ ಬೇಗ ಹಿಡಿಸುತ್ತದೆ. ನಿಮ್ಮ ಅಕ್ಕನ ಮಗನನ್ನು ಬೈಯಬೇಡಿ. ಅವನಿಂದಲೇ ಫೋನಿನಲ್ಲಿ ಈ ಕಥೆ ಹೇಳಿಸಿದರೆ ಇನ್ನೂ ಒಳ್ಳೆಯದು. ಮಗ ನೋಡುತ್ತೇನೆ ಎಂದರೆ ಹಗಲಿನಲ್ಲಿ ಜೊತೆಗೆ ಕುಳಿತು ನೋಡಿ, ನಿಲ್ಲಿಸುವ ಅಧಿಕಾರ ಅವನ ಕೈಯಲ್ಲಿರಲಿ. ಬೇಡವೆಂದರೆ ಒಂದೆರಡು ವರ್ಷ ಬಿಟ್ಟುಬಿಡಿ, ಅದರಿಂದ ಯಾವ ನಷ್ಟವೂ ಇಲ್ಲ.

ಈ ದಾರಿಯಲ್ಲೂ ಒಂದು ಅಪಾಯವಿದೆ. ಸತ್ತವನು ವರದಿಂದ ಬದುಕಿ ಬರುತ್ತಾನೆ ಎಂಬುದು ಮಗನಿಗೆ ನೆಮ್ಮದಿ ಕೊಡುತ್ತದೆ, ಆದರೆ ಅವನು ಆ ನೆಮ್ಮದಿಯನ್ನು ನಿಜಜೀವನಕ್ಕೂ ಹೊಂದಿಸಿಕೊಳ್ಳಬಾರದು. ಕೇಳಿದರೆ ಸ್ಪಷ್ಟವಾಗಿ ಹೇಳಿ: ಆ ಕಥೆಯಲ್ಲಿ ಡ್ರ್ಯಾಗನ್ ಬಾಲ್ ಇದೆ, ನಮ್ಮಲ್ಲಿ ಇಲ್ಲ, ಅದಕ್ಕೇ ನಾವು ಹುಷಾರಾಗಿರುತ್ತೇವೆ. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ ಈ ಭಾಗವನ್ನು ಇನ್ನಷ್ಟು ಎಚ್ಚರಿಕೆಯಿಂದ ಹೇಳಬೇಕಾಗುತ್ತದೆ.

ರಾತ್ರಿಯ ವಿಷಯಕ್ಕೆ ಬರೋಣ. ನಸುಕಿನಲ್ಲಿ ಎದ್ದು ಅಳುತ್ತಾನೆ ಎಂದಿದ್ದೀರಿ. ಕನಸು ಏನೆಂದು ಅವನು ಹೇಳಬಲ್ಲನಾದರೆ ಅದು ದುಃಸ್ವಪ್ನ. ಮಲಗಿದ ಒಂದೆರಡು ಗಂಟೆಯೊಳಗೆ ಚೀರಿ ಎದ್ದು, ಕರೆದರೂ ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲದಿದ್ದರೆ ಅದು ಬೇರೆ ಬಗೆಯದು. ಆಗ ಎಬ್ಬಿಸಲು ಹೋಗದೆ, ಪೆಟ್ಟು ಮಾಡಿಕೊಳ್ಳದಂತೆ ಪಕ್ಕದಲ್ಲಿದ್ದರೆ ಸಾಕು. ದುಃಸ್ವಪ್ನಕ್ಕೆ ಒಂದು ಒಳ್ಳೆಯ ಉಪಾಯವಿದೆ. ಮರುದಿನ ಹಗಲಿನಲ್ಲಿ ಆ ಕನಸನ್ನು ಚಿತ್ರವಾಗಿ ಬರೆಯಿಸಿ, ನಂತರ ಅದರ ಕೊನೆಯನ್ನು ತನಗೆ ಬೇಕಾದಂತೆ ಬದಲಿಸಿ ಇನ್ನೊಂದು ಚಿತ್ರ ಬರೆಯಲು ಹೇಳಿ, ಆ ಹೊಸ ಕಥೆಯನ್ನು ಕೆಲವು ದಿನ ಹಗಲಲ್ಲಿ ಮತ್ತೆ ಮತ್ತೆ ಹೇಳಿಸಿ. ಇದು ದುಃಸ್ವಪ್ನಗಳಿಗೆ ಚಿಕಿತ್ಸಕರು ಬಳಸುವ ವಿಧಾನದ ಸರಳ ರೂಪ. ಬಚ್ಚಲಿಗೆ ಹೋಗುವಾಗ ಮೊದಲು ಜೊತೆಗೆ ಹೋಗಿ, ಕೆಲವು ದಿನಗಳ ನಂತರ ಬಾಗಿಲ ಬಳಿ ನಿಲ್ಲಿ, ಆಮೇಲೆ ನಡುಮನೆಯಿಂದಲೇ ಮಾತಾಡುತ್ತಿರಿ. ಒಂದೇ ಸಲಕ್ಕೆ ಧೈರ್ಯ ಬರಲಿ ಎಂದು ಲೈಟ್ ಆರಿಸಿ ಪರೀಕ್ಷೆ ಮಾಡಬೇಡಿ.

ಯಜಮಾನರಿಂದ ನನಗೆ ಒಂದೇ ನೆರವು ಬೇಕು. ದಿನವೂ ಒಂದೇ ಹೊತ್ತಿಗೆ ಅವರೇ ಮಗನಿಗೆ ವಿಡಿಯೊ ಕರೆ ಮಾಡಲಿ. ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದಿದೆ, ಅಲ್ಲಿ ಸಂಜೆ 7 ಆದಾಗ ಇಲ್ಲಿ ರಾತ್ರಿ 8.30. ಊಟ ಮುಗಿದು ಮಲಗುವ ಮೊದಲಿನ ಆ ಹೊತ್ತು ಅನುಕೂಲವಾದೀತು. ಕೆಲಸದ ಜಾಗದಲ್ಲಿ ತಾವು ಹಾಕಿಕೊಳ್ಳುವ ಹೆಲ್ಮೆಟ್, ಬೂಟು, ಕಟ್ಟಿಕೊಳ್ಳುವ ಬೆಲ್ಟ್ ಎಲ್ಲವನ್ನೂ ತೋರಿಸಲಿ. ನನಗೆ ಎಂದೂ ಏನೂ ಆಗುವುದಿಲ್ಲ ಎಂಬ ಪ್ರಮಾಣವನ್ನು ಎಂಟು ವರ್ಷದ ಹುಡುಗ ನಂಬುವುದಿಲ್ಲ, ನಾನು ಹೇಗೆ ಹುಷಾರಾಗಿರುತ್ತೇನೆ ನೋಡು ಎಂಬುದನ್ನು ನಂಬುತ್ತಾನೆ. ಕರೆಯ ಹೊತ್ತು ಗೊತ್ತಾದ ಮೇಲೆ ಉಳಿದ ಹೊತ್ತಿನ ಹಂಬಲ ತಾನಾಗಿ ಕಡಿಮೆಯಾಗುತ್ತದೆ.

ಮಗ ಸರಣಿಯನ್ನು ಮುಂದುವರಿಸಿದರೆ ಮುಂದೆ ಏನಿದೆ ಎಂಬುದೂ ನಿಮಗೆ ತಿಳಿದಿರಲಿ. ಮುಂದಿನ ಪಂದ್ಯಾವಳಿಯಲ್ಲಿ ಬರುವ ಮೂರು ಕಣ್ಣಿನ ತೆನ್‌ಶಿನ್‌ಹಾನ್ ಇನ್ನೊಬ್ಬ ಘೋರ ಎದುರಾಳಿ. ಪ್ರಜ್ಞೆ ತಪ್ಪಿದ, ಗೋಕುವಿನ ಗೆಳೆಯ ಯಾಮ್ಚಾನ ಕಾಲನ್ನು ಅವನು ಬೇಕೆಂದೇ ಮುರಿಯುತ್ತಾನೆ. ಅದೇ ಪಂದ್ಯಾವಳಿಯಲ್ಲಿ ಗೋಕುವಿನ ಆಪ್ತ ಗೆಳೆಯ ಕ್ರಿಲಿನ್ ತನ್ನ ಎದುರಾಳಿಗೆ ಲೆಕ್ಕದ ಪ್ರಶ್ನೆಗಳನ್ನು ಕೇಳಿ, ಅವನು ಬೆರಳೆಣಿಸುತ್ತಿರುವಾಗ ಹೊಡೆದು ಗೆಲ್ಲುತ್ತಾನೆ; ನಗೆ ಮತ್ತು ನೋವು ಅಲ್ಲಿಯೂ ಅಕ್ಕಪಕ್ಕದಲ್ಲಿವೆ. ತೆನ್‌ಶಿನ್‌ಹಾನ್ ಕೊನೆಗೆ ಗೋಕುವಿನ ಗೆಳೆಯನಾಗುತ್ತಾನೆ. ಆದರೆ ಪಂದ್ಯ ಮುಗಿದ ಬೆನ್ನಲ್ಲೇ ಕ್ರಿಲಿನ್‌ನ ಕೊಲೆಯಾಗುತ್ತದೆ, ಅಲ್ಲಿಂದ ಕಥೆ ಬಹಳ ಕಾಲ ಕಪ್ಪಾಗಿಯೇ ಸಾಗುತ್ತದೆ. ನನ್ನ ಸಲಹೆ ಎಂದರೆ, ಬೋರಾ ಮರಳಿ ಬಂದಲ್ಲಿಗೆ ಸದ್ಯಕ್ಕೆ ನಿಲ್ಲಿಸಿ. ಹೆಣ್ಣುಮಕ್ಕಳ ಕುರಿತು ಮಾಸ್ಟರ್ ರೋಶಿ ಮಾಡುವ ಹಾಸ್ಯವೂ ಎಂಟರ ವಯಸ್ಸಿಗೆ ಹೊಂದುವಂಥದ್ದಲ್ಲ, ಅದಕ್ಕಾಗಿಯಾದರೂ ಹಿರಿಯರೊಬ್ಬರು ಪಕ್ಕದಲ್ಲಿರಬೇಕು.

ಭಯ ನಾಲ್ಕು ವಾರ ದಾಟಿದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸಿದರೆ, ಊಟ ಆಟ ಎರಡೂ ಕಡಿಮೆಯಾದರೆ ತಡಮಾಡಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಅಥವಾ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಅಂಥ ಸಂದರ್ಭದಲ್ಲಿ ಕಾರ್ಟೂನ್ ಬರೀ ನೆಪವಾಗಿದ್ದು, ಅಪ್ಪ ದೂರವಿರುವ ನೋವೋ ಶಾಲೆಯಲ್ಲಿನ ಯಾವುದೋ ಕಿರುಕುಳವೋ ಒಳಗಿರಬಹುದು, ಅದನ್ನು ತಾಳ್ಮೆಯಿಂದ ಕೇಳಿ ತಿಳಿಯಬೇಕಾಗುತ್ತದೆ.

ಕಥೆ ಹೇಳಿ ಮುಗಿಸಿದಾಗ ಅವನು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ: ತಾವೊ ಪೈ ಪೈ ಮತ್ತೆ ಬರುತ್ತಾನೆಯೇ? ಇಲ್ಲ ಎಂದು ಸುಳ್ಳು ಹೇಳಬೇಡಿ, ಮುಂದೊಂದು ದಿನ ಗೊತ್ತಾದರೆ ನಿಮ್ಮ ಉಳಿದ ಮಾತುಗಳನ್ನೂ ಅವನು ಅನುಮಾನಿಸುತ್ತಾನೆ. ಬರುತ್ತಾನೆ, ಬಾಂಬಿನಲ್ಲಿ ಸುಟ್ಟ ದೇಹಕ್ಕೆ ಯಂತ್ರದ ಭಾಗಗಳನ್ನು ಜೋಡಿಸಿಕೊಂಡು ಇನ್ನೊಂದು ಪಂದ್ಯಾವಳಿಗೆ ಬರುತ್ತಾನೆ, ಆದರೆ ಅಷ್ಟರಲ್ಲಿ ಒಳ್ಳೆಯವನಾಗಿದ್ದ ತೆನ್‌ಶಿನ್‌ಹಾನ್ ಅವನನ್ನು ಸೋಲಿಸುತ್ತಾನೆ ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿ.